ರೋಗಿಯ ಮಂಚದ ಪಕ್ಕದಿಂದ ರಾಜಭವನಕ್ಕೆ

(ಅರಸೀಕೆರೆಯಲ್ಲಿ ಸೇರಿದ್ದ ಮಹಿಳೆಯರ ಸಭೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮಹಿಳೆ ಮತ್ತು ನಾಯಕತ್ವ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಈ ಸೀಮೆಯಲ್ಲಿ ಈ ವಿಷಯವನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಹೊಯ್ಸಳರ ರಾಣಿ ಶಾಂತಲೆಯಿಂದ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಬೇಲೂರು, ಹಳೇಬೀಡಿನ ಗುಡಿಗಳನ್ನು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಆ ಕಲ್ಲಿನ ಮದನಿಕೆಯರನ್ನು ನೋಡಲು ಬರುವವರ ಸಂಖ್ಯೆಗೆ ಕೊರತೆಯಿಲ್ಲ. ಆದರೆ ಕಲ್ಲಿನಲ್ಲಿ ಕೆತ್ತಿದ ಹೆಣ್ಣನ್ನು ಕೊಂಡಾಡುವ ನಾವು, ಅದೇ ಊರಿನ ಆರೋಗ್ಯ ಕೇಂದ್ರದಲ್ಲಿ ರಾತ್ರಿಯಿಡೀ ಎದ್ದು ಕುಳಿತು ಹೆರಿಗೆ ಮಾಡಿಸುವ ಹೆಣ್ಣನ್ನು ಎಷ್ಟು ಗೌರವಿಸುತ್ತೇವೆ? ಈ ಪ್ರಶ್ನೆಯೇ ನನ್ನ ಇಂದಿನ ಮಾತಿನ ಮೂಲ.

ಆದ್ದರಿಂದ ನಾನು ಇಂದು ರಾಣಿಯೊಬ್ಬಳ ಕಥೆಯನ್ನು ಹೇಳುವುದಿಲ್ಲ. ಒಬ್ಬ ದಾದಿಯ ಕಥೆಯನ್ನು ಹೇಳುತ್ತೇನೆ. ಆಕೆ ನಮ್ಮ ದೇಶದವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಆಕೆಯ ಹೆಸರು ನೀಟಾ ಬ್ಯಾರೋ. ದೇಶ, ಬಾರ್ಬಡೋಸ್.

ಚಿಕ್ಕ ದ್ವೀಪ, ದೊಡ್ಡ ಗಾಯ

ಬಾರ್ಬಡೋಸ್ ಎಂದೊಡನೆ ನಮ್ಮ ಹುಡುಗರಿಗೆ ನೆನಪಾಗುವುದು ಕ್ರಿಕೆಟ್. ಅದು ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪ. ವಿಸ್ತೀರ್ಣ 431 ಚದರ ಕಿ.ಮೀ. ನಮ್ಮ ಹಾಸನ ಜಿಲ್ಲೆಯನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. ಬ್ರಿಟಿಷರು ಅಲ್ಲಿ ಕಬ್ಬಿನ ತೋಟಗಳನ್ನು ಮಾಡಿದರು. ಆ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಲ್ಲಿ ಸರಕಿನಂತೆ ತುಂಬಿ ತಂದರು. 1834ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಪೂರ್ಣ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಆದರೆ ಭೂಮಿ ಮತ್ತು ಅಧಿಕಾರ ತೋಟದ ಮಾಲೀಕರ ಕೈಯಲ್ಲೇ ಉಳಿಯಿತು. ಆಸ್ತಿಯ ಅರ್ಹತೆಯಿಲ್ಲದೆ ಎಲ್ಲ ವಯಸ್ಕರೂ ಮತ ಹಾಕಿದ್ದು 1951ರ ಚುನಾವಣೆಯಲ್ಲಿ. ನಮ್ಮ ಮೊದಲ ಮಹಾ ಚುನಾವಣೆ ನಡೆದ ಕಾಲದಲ್ಲೇ.

ಇನ್ನೊಂದು ಸಂಗತಿ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ನಮ್ಮ ಸೂರತ್ ಸುತ್ತಲಿನ ಹಳ್ಳಿಗಳ ಮುಸ್ಲಿಮರು ಆ ದ್ವೀಪಕ್ಕೆ ಹೋಗಿ, ಬಟ್ಟೆಯ ಗಂಟನ್ನು ಹೊತ್ತು ಮನೆಮನೆಗೆ ಮಾರಿ ಜೀವನ ಕಟ್ಟಿಕೊಂಡರು. ಅವರ ಸಂತತಿ ಇಂದಿಗೂ ಅಲ್ಲಿದೆ. ಆದುದರಿಂದ ಅದು ನಾವು ಎಣಿಸಿದಷ್ಟು ಪರಕೀಯವಾದ ನೆಲವಲ್ಲ.

ಈ ದ್ವೀಪದ ಸೇಂಟ್ ಲೂಸಿ ಎಂಬಲ್ಲಿ 1916ರ ನವೆಂಬರ್ 15ರಂದು ರೂತ್ ನೀಟಾ ಬ್ಯಾರೋ ಹುಟ್ಟಿದರು. ತಂದೆ ರೆಜಿನಾಲ್ಡ್ ಬ್ಯಾರೋ ಕ್ರೈಸ್ತ ಧರ್ಮಬೋಧಕರು. ಕಪ್ಪು ಜನರ ಹಕ್ಕಿನ ಬಗ್ಗೆ ಬಾಯಿ ಮುಚ್ಚಿಕೊಂಡಿರದ ಮನುಷ್ಯ. ಅಮೆರಿಕದ ಆಡಳಿತದಲ್ಲಿದ್ದ ಸೇಂಟ್ ಕ್ರೋಯ್ ದ್ವೀಪದಲ್ಲಿ ಸೇವೆಯಲ್ಲಿದ್ದಾಗ ಅವರ ನೇರ ನುಡಿಯನ್ನು ಸಹಿಸದ ಆಡಳಿತ 1922ರಲ್ಲಿ ಅವರನ್ನು ಗಡೀಪಾರು ಮಾಡಿತು. ಸೋದರಮಾವ ಡಾ. ಚಾರ್ಲ್ಸ್ ಡಂಕನ್ ಓನೀಲ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಬಂದವರು. ಬಡವರಿಗೆ ಔಷಧಿ ಮಾತ್ರ ಸಾಲದು ಎಂದು ಮನಗಂಡು 1924ರಲ್ಲಿ ಡೆಮಾಕ್ರಟಿಕ್ ಲೀಗ್ ಎಂಬ ರಾಜಕೀಯ ಸಂಘಟನೆಯನ್ನು ಕಟ್ಟಿದರು. ನೀಟಾರ ತಮ್ಮ ಎರೋಲ್ ಬ್ಯಾರೋ ಮುಂದೆ ಪ್ರಧಾನಿಯಾಗಿ 1966ರ ನವೆಂಬರ್ 30ರಂದು ದೇಶವನ್ನು ಸ್ವಾತಂತ್ರ್ಯಕ್ಕೆ ಕೊಂಡೊಯ್ದರು.

ಇಂತಹ ಮನೆಯ ಹೆಣ್ಣುಮಗಳು ಆರಿಸಿಕೊಂಡದ್ದೇನು? ವಕೀಲಿಯನ್ನಲ್ಲ, ಪತ್ರಿಕೆಯನ್ನಲ್ಲ. ದಾದಿಯ ಕೆಲಸವನ್ನು.

ಆಸ್ಪತ್ರೆ ಎಂಬ ಪಾಠಶಾಲೆ

1930ರ ದಶಕದ ಮಧ್ಯಭಾಗದಲ್ಲಿ ಅವರು ಬಾರ್ಬಡೋಸ್ ಜನರಲ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದರು. ಅದು ಕಬ್ಬಿನ ಬೆಲೆ ಬಿದ್ದು ಕೂಲಿಕಾರರು ಹಸಿವಿನಲ್ಲಿದ್ದ ಕಾಲ. 1937ರ ಜುಲೈಯಲ್ಲಿ ಕಾರ್ಮಿಕ ನಾಯಕ ಕ್ಲೆಮೆಂಟ್ ಪೇನ್‌ರನ್ನು ಗಡೀಪಾರು ಮಾಡಿದಾಗ ಜನ ಬೀದಿಗಿಳಿದರು. ಪೊಲೀಸರ ಗುಂಡಿಗೆ 14 ಮಂದಿ ಬಲಿಯಾದರು. ಆ ಬಳಿಕ ಬ್ರಿಟಿಷ್ ಸರಕಾರ ನೇಮಿಸಿದ ಮೊಯ್ನ್ ಆಯೋಗ ಇಡೀ ವೆಸ್ಟ್ ಇಂಡೀಸನ್ನು ಸುತ್ತಿ ಮನೆ, ಶಾಲೆ, ಆರೋಗ್ಯ ಎಲ್ಲದರ ಶೋಚನೀಯ ಸ್ಥಿತಿಯನ್ನು ದಾಖಲಿಸಿತು. ಆ ವರದಿಯನ್ನು ಪೂರ್ಣವಾಗಿ ಪ್ರಕಟಿಸಲು ಸರಕಾರಕ್ಕೆ 1945ರವರೆಗೆ ಧೈರ್ಯ ಬರಲಿಲ್ಲ ಎಂಬುದು ಗಮನಾರ್ಹ.

ಒಬ್ಬ ದಾದಿಗೆ ಇಂತಹ ವರದಿಯ ಅಗತ್ಯವಿಲ್ಲ. ಮಗು ಏಕೆ ಸತ್ತಿತೆಂದು ಆಕೆಗೆ ಗೊತ್ತು. ತಾಯಿ ಏನು ತಿಂದಿದ್ದಳು, ಮನೆಯಲ್ಲಿ ಎಂತಹ ನೀರಿತ್ತು, ಗಂಡನ ಕೂಲಿ ಎಷ್ಟಿತ್ತು ಎಂಬುದು ಮಂಚದ ಪಕ್ಕದಲ್ಲಿ ನಿಂತವಳಿಗೆ ತಿಳಿದಷ್ಟು ಕಚೇರಿಯಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ರಾಜಕೀಯವೆಂದರೆ ಜನರ ನೋವಿಗೆ ಕಾರಣವನ್ನು ಹುಡುಕಿ ಪರಿಹಾರ ಕೊಡುವುದು ಎಂದಾದರೆ, ಅದರ ಮೊದಲ ಪಾಠಶಾಲೆ ಆಸ್ಪತ್ರೆಯೇ.

ನೀಟಾ ಟ್ರಿನಿಡಾಡಿನಲ್ಲಿ ಸೂಲಗಿತ್ತಿ ವಿದ್ಯೆಯನ್ನು ಕಲಿತರು. ಫೆಲೋಶಿಪ್ ಪಡೆದು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿದರು. ಬಳಿಕ ಜಮೈಕಾದಲ್ಲಿ ದಾದಿಯರಿಗೆ ಕಲಿಸಿದರು. ಆ ಕಾಲದಲ್ಲಿ ವಸಾಹತುಗಳ ದೊಡ್ಡ ಆಸ್ಪತ್ರೆಗಳಿಗೆ ಮೇಟ್ರನ್ ಆಗಿ ಇಂಗ್ಲೆಂಡಿನಿಂದಲೇ ಬಿಳಿಯ ಮಹಿಳೆ ಬರಬೇಕೆಂಬುದು ಬರೆಯದ ನಿಯಮ. ಸ್ಥಳೀಯ ಹೆಣ್ಣು ಎಷ್ಟೇ ಕಲಿತರೂ ಕೆಳಗಿನ ಮೆಟ್ಟಿಲಿನಲ್ಲೇ ನಿಲ್ಲಬೇಕು. 1954ರಲ್ಲಿ ನೀಟಾ ಬ್ಯಾರೋ ಜಮೈಕಾದ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಮೇಟ್ರನ್ ಆದರು. ಆ ಹುದ್ದೆಗೇರಿದ ಮೊದಲ ವೆಸ್ಟ್ ಇಂಡಿಯನ್ ಮಹಿಳೆ ಅವರು. ಎರಡು ವರ್ಷಗಳ ಬಳಿಕ ಜಮೈಕಾ ಸರಕಾರದ ಪ್ರಧಾನ ಶುಶ್ರೂಷಾಧಿಕಾರಿಯಾದರು. ಅಲ್ಲಿಂದ ಮುಂದೆ ಅವರ ಕೆಲಸ ಒಂದು ಆಸ್ಪತ್ರೆಯದ್ದಾಗಿ ಉಳಿಯಲಿಲ್ಲ. 1964ರಿಂದ ಅಮೆರಿಕ ಖಂಡಗಳ ಆರೋಗ್ಯ ಸಂಸ್ಥೆಯ ಸಲಹೆಗಾರ್ತಿಯಾಗಿ ಕೆರಿಬಿಯನ್ ದೇಶಗಳ ದಾದಿಯರ ಶಿಕ್ಷಣವನ್ನು ಸುಧಾರಿಸುವ ಹೊಣೆಯನ್ನು ಹೊತ್ತರು.

ಜಾಮಖೇಡಿನಿಂದ ನಮ್ಮ ಆಶಾವರೆಗೆ

ಈಗ ನಮ್ಮ ನೆಲಕ್ಕೆ ಹತ್ತಿರವಾದ ಒಂದು ಅಧ್ಯಾಯಕ್ಕೆ ಬರುತ್ತೇನೆ. 1971ರಲ್ಲಿ ಅವರು ಜಿನೀವಾದ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಸೇರಿದರು. ಮುಂದೆ ಅದರ ನಿರ್ದೇಶಕಿಯೂ ಆದರು. ಆಗ ಆ ಸಂಸ್ಥೆಯಲ್ಲಿ ಒಂದು ಆತ್ಮಾವಲೋಕನ ನಡೆಯುತ್ತಿತ್ತು. ಮಿಷನರಿಗಳು ಲೋಕದಾದ್ಯಂತ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿದ್ದರು. ನಮ್ಮ ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಅಂತಹ ಪರಂಪರೆಯದ್ದೇ. ಅದರ ಉಪಕಾರವನ್ನು ಈ ಜಿಲ್ಲೆಯ ಎಲ್ಲ ಧರ್ಮದ ತಾಯಂದಿರೂ ಬಲ್ಲರು. ಆದರೆ ಆಸ್ಪತ್ರೆಯ ಬಾಗಿಲಿಗೆ ಬರಲಾಗದ ಹಳ್ಳಿಯ ಬಡವನ ಗತಿಯೇನು? ಕಾಯಿಲೆ ಬಂದ ಮೇಲೆ ಗುಣಪಡಿಸುವುದೇ ಆರೋಗ್ಯವೇ? ಈ ಪ್ರಶ್ನೆಗಳನ್ನು ಆ ಸಂಸ್ಥೆ ತನಗೆ ತಾನೇ ಕೇಳಿಕೊಂಡಿತು.

ಉತ್ತರ ಸಿಕ್ಕಿದ ಸ್ಥಳಗಳಲ್ಲಿ ಒಂದು ನಮ್ಮ ಪಕ್ಕದ ಮಹಾರಾಷ್ಟ್ರದ ಜಾಮಖೇಡ್. ಅಲ್ಲಿ 1970ರಲ್ಲಿ ಡಾ. ರಜನೀಕಾಂತ್ ಮತ್ತು ಡಾ. ಮೇಬಲ್ ಅರೋಳೆ ದಂಪತಿ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡತೊಡಗಿದರು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ದಲಿತ ಮಹಿಳೆಯರೂ ಇದ್ದರು. ಈ ಪ್ರಯೋಗವನ್ನು ಲೋಕಕ್ಕೆ ಪರಿಚಯಿಸಿದ ವೇದಿಕೆಗಳಲ್ಲಿ ನೀಟಾ ಬ್ಯಾರೋ ದುಡಿಯುತ್ತಿದ್ದ ಸಂಸ್ಥೆಯೂ ಒಂದು. 1978ರ ಸೆಪ್ಟೆಂಬರಿನಲ್ಲಿ ಆಲ್ಮಾ ಆಟಾದಲ್ಲಿ ಜಗತ್ತಿನ ಸರಕಾರಗಳು ಪ್ರಾಥಮಿಕ ಆರೋಗ್ಯ ಎಲ್ಲರ ಹಕ್ಕು ಎಂದು ಘೋಷಿಸಿದಾಗ ಅದರ ಹಿಂದೆ ಇಂತಹ ಪ್ರಯೋಗಗಳ ಅನುಭವವಿತ್ತು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆ ಇದೇ ವಿಚಾರದ ಕೂಸು. ಇಂದು ಈ ಸಭೆಯಲ್ಲಿ ಕೆಲವರು ಆಶಾ ಸಹೋದರಿಯರು ಕುಳಿತಿದ್ದೀರಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಮಗೆ ಜಾಗತಿಕ ಪ್ರಶಸ್ತಿಯನ್ನು ಕೊಟ್ಟಿತು. 2025ರ ಜನವರಿಯಲ್ಲಿ ನೀವೇ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ಪ್ರಶಸ್ತಿಗೂ ಪಗಾರಕ್ಕೂ ಇರುವ ಈ ಅಂತರವೇ ನಮ್ಮ ರಾಜಕೀಯದ ನಿಜವಾದ ಪ್ರಶ್ನೆಯಲ್ಲವೇ?

ನೈರೋಬಿಯ ಡೇರೆ, ಪೋಲ್ಸ್‌ಮೂರಿನ ಸೆರೆಮನೆ

1985ರ ಜುಲೈಯಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮೂರನೇ ಮಹಿಳಾ ಸಮ್ಮೇಳನ ನಡೆಯಿತು. ಅದರ ಜೊತೆಗೆ ಸರಕಾರೇತರ ಸಂಘಟನೆಗಳ ಮಹಿಳೆಯರದ್ದೇ ಒಂದು ಬೃಹತ್ ಮೇಳ. ಸುಮಾರು 14,000 ಮಂದಿ ಸೇರಿದ್ದರು. ಅದರ ಸಂಚಾಲಕಿ ನೀಟಾ ಬ್ಯಾರೋ. ಆಗ ಇರಾನ್ ಮತ್ತು ಇರಾಕ್ ಯುದ್ಧದಲ್ಲಿದ್ದವು. ಫೆಲೆಸ್ತೀನ್ ನೆಲ ಇಸ್ರೇಲಿನ ಅತಿಕ್ರಮಣದಲ್ಲಿತ್ತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಜಾರಿಯಲ್ಲಿತ್ತು. ಈ ಎಲ್ಲ ನೆಲದ ಹೆಂಗಸರು ಒಂದೇ ಅಂಗಳದಲ್ಲಿ. ಜಗಳವಾಗುತ್ತದೆ, ಸಭೆ ಒಡೆಯುತ್ತದೆ ಎಂದು ಅನೇಕರು ಭಾವಿಸಿದ್ದರು. ಅಲ್ಲಿ ಶಾಂತಿಯ ಡೇರೆ ಎಂಬೊಂದು ಡೇರೆಯನ್ನು ಹಾಕಲಾಗಿತ್ತು. ಜಗಳವಿದ್ದವರು ಅಲ್ಲಿ ಕುಳಿತು ಮುಖಾಮುಖಿ ವಾದಿಸಬಹುದಿತ್ತು. ವಾದಿಸಿದರು, ಕೂಗಾಡಿದರು, ಅತ್ತರು. ಆದರೆ ಸಭೆ ಒಡೆಯಲಿಲ್ಲ.

ಭಿನ್ನರಾದವರು ಒಂದೇ ಅಂಗಳದಲ್ಲಿ ನಿಲ್ಲುವುದು ನಮಗೆ ಹೊಸತೇನಲ್ಲ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರ್‌ಆನ್ ಪಠಿಸುವ ವಾಡಿಕೆ ತಲೆತಲಾಂತರದಿಂದ ಬಂದದ್ದು. ಇತ್ತೀಚಿನ ವರ್ಷಗಳಲ್ಲಿ ಅದನ್ನೂ ವಿವಾದವಾಗಿಸುವ ಪ್ರಯತ್ನ ನಡೆಯಿತು. ಅಂಗಳವನ್ನು ಒಡೆಯುವುದು ಸುಲಭ. ಕಾಯ್ದುಕೊಳ್ಳಲು ನೀಟಾ ಬ್ಯಾರೋರಂತಹ ತಾಳ್ಮೆ ಬೇಕು.

ಮರುವರ್ಷ, ಅಂದರೆ 1986ರಲ್ಲಿ, ಕಾಮನ್‌ವೆಲ್ತ್ ದೇಶಗಳು ಏಳು ಮಂದಿ ಗಣ್ಯರ ತಂಡವನ್ನು ದಕ್ಷಿಣ ಆಫ್ರಿಕಾಕ್ಕೆ ಕಳುಹಿಸಿದವು. ವರ್ಣಭೇದವನ್ನು ಮಾತುಕತೆಯ ಮೂಲಕ ಕೊನೆಗೊಳಿಸಲು ಸಾಧ್ಯವೇ ಎಂದು ನೋಡುವುದು ಅದರ ಕೆಲಸ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಮಾಲ್ಕಂ ಫ್ರೇಸರ್ ಮತ್ತು ನೈಜೀರಿಯಾದ ಒಲುಸೆಗುನ್ ಒಬಸಾಂಜೊ ಅದರ ಮುಖ್ಯಸ್ಥರು. ಭಾರತದಿಂದ ಮಾಜಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಇದ್ದರು. ತಂಡದಲ್ಲಿದ್ದ ಏಕೈಕ ಮಹಿಳೆ ನೀಟಾ ಬ್ಯಾರೋ. ಅವರು ಪೋಲ್ಸ್‌ಮೂರ್ ಸೆರೆಮನೆಯಲ್ಲಿದ್ದ ನೆಲ್ಸನ್ ಮಂಡೇಲಾರನ್ನು ಭೇಟಿಯಾದರು. ಅವರನ್ನು ಬಿಡುಗಡೆ ಮಾಡಿ, ನಿಷೇಧವನ್ನು ತೆಗೆದು ಮಾತುಕತೆಗೆ ಬನ್ನಿ ಎಂಬ ಪ್ರಸ್ತಾಪವನ್ನು ಆ ಸರಕಾರದ ಮುಂದಿಟ್ಟರು. ಆದರೆ 1986ರ ಮೇ 19ರಂದು ದಕ್ಷಿಣ ಆಫ್ರಿಕಾದ ಸೇನೆ ನೆರೆಯ ಮೂರು ದೇಶಗಳ ಮೇಲೆ ದಾಳಿ ಮಾಡಿತು. ತಂಡ ಬರಿಗೈಯಲ್ಲಿ ಹಿಂದಿರುಗಿತು.

ಅದು ಸೋಲೇ? ಅಂದು ಸೋಲೆಂದೇ ಅನಿಸಿರಬೇಕು. ಆದರೆ ಅವರ ವರದಿಯ ಬಳಿಕ ನಿರ್ಬಂಧಗಳ ಕೂಗು ಬಲವಾಯಿತು. 1990ರ ಫೆಬ್ರವರಿ 11ರಂದು ಮಂಡೇಲಾ ಹೊರಬಂದರು. ಅವರು ಮುಂದಿಟ್ಟಿದ್ದ ದಾರಿಯಲ್ಲೇ ಆ ದೇಶ ಕೊನೆಗೆ ನಡೆಯಬೇಕಾಯಿತು.

ರಾಜಭವನದಲ್ಲಿ

1986ರಲ್ಲಿ ಅವರು ವಿಶ್ವಸಂಸ್ಥೆಯಲ್ಲಿ ಬಾರ್ಬಡೋಸ್‌ನ ಖಾಯಂ ಪ್ರತಿನಿಧಿಯಾದರು. 1988ರಲ್ಲಿ ಮಹಾಸಭೆಯ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಅರ್ಜೆಂಟೀನಾದ ಡಾಂಟೆ ಕಪುಟೊ ಎದುರು ಸೋತರು. 1990ರ ಜೂನ್ 6ರಂದು ಬಾರ್ಬಡೋಸ್‌ನ ಗವರ್ನರ್ ಜನರಲ್ ಆದರು. ಆ ದೇಶದ ಮೊದಲ ಮಹಿಳಾ ಗವರ್ನರ್ ಜನರಲ್.

ಇಲ್ಲಿ ಒಂದು ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಇದೆಲ್ಲ ತಮ್ಮ ಪ್ರಧಾನಿಯಾಗಿದ್ದುದರ ಫಲವಲ್ಲವೇ? ನಮ್ಮಲ್ಲಿ ಅಧ್ಯಕ್ಷೆಯಾದ ಮಹಿಳೆಯ ಹಿಂದೆ ಗಂಡನೋ ಮೈದುನನೋ ಇರುವುದನ್ನು ಕಂಡವರಿಗೆ ಈ ಸಂಶಯ ಸಹಜ. ವಿಶ್ವಸಂಸ್ಥೆಗೆ ಅವರ ನೇಮಕವಾದಾಗ ಎರೋಲ್ ಬ್ಯಾರೋ ಅಧಿಕಾರದಲ್ಲಿದ್ದದ್ದು ನಿಜ. ಆದರೆ ಅವರು ಗವರ್ನರ್ ಜನರಲ್ ಆದಾಗ ತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮೇಟ್ರನ್ ಆದಾಗ ತಮ್ಮನಿನ್ನೂ ಪ್ರಧಾನಿಯಾಗಿರಲಿಲ್ಲ. ನೈರೋಬಿಯ ಹೊಣೆ ಬಂದಾಗ ತಮ್ಮ ವಿರೋಧ ಪಕ್ಷದಲ್ಲಿದ್ದರು. ಐವತ್ತು ವರ್ಷಗಳ ದುಡಿಮೆಯನ್ನು ಯಾವ ತಮ್ಮನೂ ಉಡುಗೊರೆಯಾಗಿ ಕೊಡಲಾರ.

ಇನ್ನೊಂದನ್ನೂ ಹೇಳಬೇಕು. ಗವರ್ನರ್ ಜನರಲ್ ಎಂದರೆ ನಮ್ಮ ರಾಜ್ಯಪಾಲರ ಹಾಗೆ. ಚುನಾವಣೆಯಲ್ಲಿ ಗೆದ್ದು ಆಳುವ ಹುದ್ದೆಯಲ್ಲ. ಸಂವಿಧಾನವನ್ನು ಕಾಯುವ ಹುದ್ದೆ. ಅವರ ಅವಧಿಯಲ್ಲಿ ದೇಶ ತೀವ್ರ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತು. 1991ರಲ್ಲಿ ಸರಕಾರಿ ನೌಕರರ ಸಂಬಳವನ್ನು ಶೇ. 8ರಷ್ಟು ಕಡಿತ ಮಾಡಲಾಯಿತು. ಜನ ಬೀದಿಗಿಳಿದರು. 1994ರಲ್ಲಿ ಪ್ರಧಾನಿ ಎರ್ಸ್ಕಿನ್ ಸ್ಯಾಂಡಿಫೋರ್ಡ್ ಸಂಸತ್ತಿನ ವಿಶ್ವಾಸವನ್ನು ಕಳೆದುಕೊಂಡರು. ಸಂಸತ್ತನ್ನು ವಿಸರ್ಜಿಸಿ ಚುನಾವಣೆ ನಡೆಯಿತು. ಅಧಿಕಾರ ವಿರೋಧ ಪಕ್ಷದ ಓವೆನ್ ಆರ್ಥರ್ ಅವರಿಗೆ ಶಾಂತವಾಗಿ ವರ್ಗಾವಣೆಯಾಯಿತು. ಗೆದ್ದವರು ತನ್ನ ತಮ್ಮನ ಪಕ್ಷದ ಎದುರಾಳಿಗಳು ಎಂಬ ಕಾರಣಕ್ಕೆ ರಾಜಭವನದಲ್ಲಿ ಯಾವ ಆಟವೂ ನಡೆಯಲಿಲ್ಲ. ರಾಜಭವನಗಳಲ್ಲಿ ಏನೇನು ಆಟಗಳು ನಡೆಯುತ್ತವೆಂದು ಬಲ್ಲ ನಮಗೆ ಇದರ ಬೆಲೆ ಗೊತ್ತು.

1995ರ ಡಿಸೆಂಬರ್ 19ರಂದು, ಹುದ್ದೆಯಲ್ಲಿದ್ದಾಗಲೇ, ಅವರು ನಿಧನರಾದರು. 2021ರ ನವೆಂಬರ್ 30ರಂದು ಬಾರ್ಬಡೋಸ್ ಗಣರಾಜ್ಯವಾದಾಗ ಸಾಂಡ್ರಾ ಮೇಸನ್ ಮೊದಲ ಅಧ್ಯಕ್ಷೆಯಾದರು. ಪ್ರಧಾನಿ ಸ್ಥಾನದಲ್ಲಿದ್ದವರೂ ಮಹಿಳೆಯೇ, ಮಿಯಾ ಮೋಟ್ಲಿ. ಆ ಬಾಗಿಲನ್ನು ಮೊದಲು ತಳ್ಳಿ ತೆರೆದದ್ದು ಒಬ್ಬ ದಾದಿಯ ಕೈ.

ನಮ್ಮ ಮನೆಯ ಮಾತು

ಸಹೋದರಿಯರೇ, ಇಷ್ಟು ದೂರದ ಕಥೆಯನ್ನು ನಾನೇಕೆ ಹೇಳಿದೆ? ನನ್ನ ಮನೆಯ ಒಂದು ಸಂಗತಿಯನ್ನು ಹೇಳಿದರೆ ನಿಮಗೆ ಅರ್ಥವಾದೀತು.

ನನ್ನ ಆಪಾ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ನರ್ಸಿಂಗ್ ತರಬೇತಿಗೆ ಆಯ್ಕೆಯಾದ ಪತ್ರವೂ ಬಂತು. ಅಬ್ಬಾ ಆ ಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ‘ಪರಪುರುಷರ ಮೈ ಮುಟ್ಟುವ ಕೆಲಸ ನಮ್ಮ ಮನೆಯ ಹೆಣ್ಣಿಗೆ ಬೇಡ. ನಾಳೆ ನಿನ್ನನ್ನು ಯಾರು ಮದುವೆಯಾಗುತ್ತಾರೆ?’ ಎಂದರು. ಆಪಾ ಮರುಮಾತಾಡಲಿಲ್ಲ. ಅದೇ ವರ್ಷ ಅವಳ ನಿಕಾಹ್ ಆಯಿತು.

ಸುಮಾರು ಹದಿನೈದು ವರ್ಷಗಳ ಬಳಿಕ ಅಬ್ಬಾಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಗಂಡುಮಕ್ಕಳು ಸರದಿಯಂತೆ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದವಳು, ಮಲಮೂತ್ರವನ್ನು ಒರೆಸಿದವಳು, ಚಮಚದಲ್ಲಿ ಗಂಜಿಯನ್ನು ಕುಡಿಸಿದವಳು ಕೇರಳದ ಒಬ್ಬ ಕ್ರೈಸ್ತ ಹುಡುಗಿ. ನಾವೆಲ್ಲ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದೆವು. ಸಿಸ್ಟರ್ ಎಂದರೆ ಸಹೋದರಿ. ಪರರ ಮನೆಯ ಹೆಣ್ಣು ನಮಗೆ ಸಹೋದರಿಯಾಗಬಹುದು. ನಮ್ಮ ಮನೆಯ ಹೆಣ್ಣು ಇನ್ನೊಬ್ಬರಿಗೆ ಸಹೋದರಿಯಾಗಬಾರದೇ? ಕೊನೆಯ ದಿನಗಳಲ್ಲಿ ಮಾತು ತೊದಲುತ್ತಿದ್ದ ಅಬ್ಬಾ ಆಪಾಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: ‘ಆ ಪತ್ರ, ಮಗಳೇ...’ ಅವರು ವಾಕ್ಯವನ್ನು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಅಬ್ಬಾರ ಮೇಲೆ ನನಗೆ ಕೋಪವಿಲ್ಲ. ಅವರು ತಮ್ಮ ಕಾಲದ ಮಾತನ್ನಾಡಿದರು. ಆದರೆ ಈ ವರ್ಷ ನಮ್ಮ ಕುಟುಂಬದ ಹುಡುಗಿಯೊಬ್ಬಳು ನರ್ಸಿಂಗ್ ಓದುತ್ತೇನೆಂದಾಗ ಅದೇ ಮಾತು, ಅದೇ ಶಬ್ದಗಳಲ್ಲಿ, ಅಬ್ಬಾರ ಮೊಮ್ಮಗನ ಬಾಯಿಯಿಂದ ಬಂತು. ದುರಂತವೆಂದರೆ ಇದನ್ನು ಧರ್ಮದ ಮಾತೆಂದು ಹೇಳಲಾಗುತ್ತದೆ.

ವಾಸ್ತವದಲ್ಲಿ ಧರ್ಮದ ಇತಿಹಾಸ ಏನು ಹೇಳುತ್ತದೆ? ಮದೀನಾದ ಮಸೀದಿಯ ಆವರಣದಲ್ಲೇ ರುಫೈದಾ ಅಲ್ ಅಸ್ಲಮಿಯ್ಯಾ ಎಂಬ ಮಹಿಳೆಯ ಡೇರೆಯಿತ್ತು. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಆ ಡೇರೆಗೆ ಒಯ್ಯುವಂತೆ ಆದೇಶಿಸಿದವರು ಸ್ವತಃ ಪ್ರವಾದಿ ಮುಹಮ್ಮದರು(ಸ). ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೊರಟದ್ದು 1854ರಲ್ಲಿ. ಹನ್ನೆರಡು ಶತಮಾನಗಳ ಬಳಿಕ. ಹೀಗಿರುವಾಗ ಈ ವೃತ್ತಿಯನ್ನು ಕೀಳೆಂದು ನೋಡುವ ರೂಢಿ ನಮಗೆ ಎಲ್ಲಿಂದ ಬಂತೆಂದು ಪರಿಶೀಲಿಸಬೇಡವೇ?

ರಾಜಕೀಯದ ಮಾತೂ ಇದೇ. ಕರ್ನಾಟಕದ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಶೇ. 50 ಮೀಸಲಾತಿ ಬಂದದ್ದು 2010ರಲ್ಲಿ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲನ್ನು ನೀಡುವ ಸಂವಿಧಾನ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು. ಕುರ್ಚಿ ಕಾನೂನಿನಿಂದ ಸಿಗುತ್ತದೆ. ಆದರೆ ಕುರ್ಚಿಯಲ್ಲಿ ಕುಳಿತು ಕಡತವನ್ನು ಓದಿ, ಪ್ರಶ್ನೆ ಕೇಳಿ, ಸ್ವಂತ ಸಹಿ ಹಾಕುವ ಧೈರ್ಯ ಕಾನೂನಿನಿಂದ ಸಿಗುವುದಿಲ್ಲ. ಅದು ದುಡಿಮೆಯಿಂದ ಸಿಗುತ್ತದೆ. ಮುಂಬೈಯನ್ನು ನೋಡಿ. ಏಳು ದ್ವೀಪಗಳನ್ನು ಜೋಡಿಸಿ ಕಟ್ಟಿದ ಆ ನಗರದ ಮೇಯರ್ ಆಗಿದ್ದ ಕಿಶೋರಿ ಪೆಡ್ನೇಕರ್ ಮೊದಲು ದಾದಿಯಾಗಿದ್ದವರು. 2020ರ ಕೊರೋನಾ ಕಾಲದಲ್ಲಿ ಅವರು ಮತ್ತೆ ದಾದಿಯ ಸಮವಸ್ತ್ರವನ್ನು ಧರಿಸಿ ನಾಯರ್ ಆಸ್ಪತ್ರೆಗೆ ಹೋದರು. ರಾಜಕೀಯವಾಗಿ ಯಾರು ಏನೇ ಹೇಳಲಿ, ಹೆದರಿ ಮನೆಯೊಳಗೆ ಕುಳಿತ ಜನರಿಗೆ ಆ ದೃಶ್ಯ ಧೈರ್ಯವನ್ನು ಕೊಟ್ಟಿತು.

ನಾನು ಯಾರನ್ನೂ ಗವರ್ನರ್ ಆಗಿರೆಂದು ಹೇಳಲು ಬಂದಿಲ್ಲ. ನನ್ನ ಕೋರಿಕೆ ಚಿಕ್ಕದು. ನಿಮ್ಮ ಮನೆಯ ಹುಡುಗಿ ನರ್ಸಿಂಗ್ ಓದುತ್ತೇನೆ ಎಂದರೆ, ಬೇಡವೆನ್ನುವ ಮೊದಲು ನಿಮ್ಮ ಮನೆಯ ಯಾರ ಮಂಚದ ಪಕ್ಕದಲ್ಲಿ ಯಾವ ಮನೆಯ ಹುಡುಗಿ ನಿಂತಿದ್ದಳೆಂದು ಒಮ್ಮೆ ನೆನಪಿಸಿಕೊಳ್ಳಿ. ನಿಮ್ಮ ಊರಿನ ಪಂಚಾಯತ್ ಸದಸ್ಯೆಯಾದ ಸಹೋದರಿಯನ್ನು ಸಭೆಗೆ ಒಬ್ಬಳೇ ಹೋಗಲು ಬಿಡಿ. ತಪ್ಪು ಮಾಡಿಯಾಳು. ಗಂಡಸರು ಮಾಡಿದಷ್ಟು ಮಾಡಲಾರಳು.

ಆಪಾಳ ಆ ಪತ್ರ ಈಗಲೂ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಕಾಗದ ಹಳದಿಯಾಗಿದೆ, ಮಡಿಕೆಗಳು ಹರಿದಿವೆ. ಕಳೆದ ವಾರ ನಾನು ಅದನ್ನು ತೆಗೆದು ಆ ಹುಡುಗಿಯ ತಂದೆಯ ಕೈಗೆ ಕೊಟ್ಟೆ. ಅವನು ಓದಿದ, ಏನೂ ಹೇಳಲಿಲ್ಲ. ಮರುದಿನ ಅರ್ಜಿ ನಮೂನೆಯನ್ನು ತರಲು ಹಾಸನಕ್ಕೆ ಹೋದನೆಂದು ಕೇಳಿದೆ.

ಇಂತಹ ಪತ್ರಗಳು ಇನ್ನೆಷ್ಟು ಮನೆಗಳ ಪೆಟ್ಟಿಗೆಯಲ್ಲಿವೆಯೋ ನನಗೆ ತಿಳಿಯದು. ನಿಮಗೆ ತಿಳಿದಿದೆ. ಮನೆಗೆ ಹೋಗಿ ತೆರೆದು ನೋಡಿ.